ಎದೆಲ್ಮಿರಾಳ ವ್ಯಾನು ಬೆಚ್ಚಗಾದ ಸೋಮವಾರ

ಎದೆಲ್ಮಿರಾ ಬಾರ್ರಿಯಾಳ ವ್ಯಾನಿನೊಳಗೆ ಕೂರುವುದಕ್ಕೂ ಅದರ ತಲೆಯ ಮೇಲೆ ಕೂರುವುದಕ್ಕೂ ಇದ್ದ ವ್ಯತ್ಯಾಸ ಒಂದೇ: ಒಳಗೆ ಗಾಳಿ ಸ್ವಲ್ಪ ಕಡಿಮೆ. ಪ್ಯಾಟಗೋನಿಯಾದ ಲಗೂನಾ ಸೆಕಾ ಊರಿನಲ್ಲಿ ಈ ಮಾತನ್ನು ಎಲ್ಲರೂ ಆಡುತ್ತಿದ್ದರು, ಅವಳೆದುರು ಮಾತ್ರ ಯಾರೂ ಆಡುತ್ತಿರಲಿಲ್ಲ. ಆಡುವ ಧೈರ್ಯ ಯಾರಿಗಿತ್ತು? ಹದಿನಾರನೇ ವಯಸ್ಸಿಗೇ ಕುರಿ ಉಣ್ಣೆ ಕತ್ತರಿಸುವ ನಲವತ್ತು ಗಂಡಸರಿಗೆ ಅಡುಗೆ ಮಾಡಿ ಹಾಕಿ, ಉಪ್ಪು ಕಡಿಮೆ ಎಂದವನ ತಲೆಗೆ ಸೌಟಿನಿಂದ ಕುಟ್ಟಿದ ಹೆಂಗಸು ಅವಳು.

ಈಗ ಅವಳಿಗೆ ಐವತ್ತೆಂಟು. ವಾರಕ್ಕೆ ಮೂರು ದಿನ ಊರಿನ ಇಬ್ಬರು ಕಿಡ್ನಿ ರೋಗಿಗಳನ್ನು ತೊಂಬತ್ತು ಕಿಲೋಮೀಟರ್ ದೂರದ ರಿಯೋ ಗಾಯೆಗೋಸ್ ನಗರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ದು ಮತ್ತೆ ಕರೆತರುವುದು ಅವಳ ಕೆಲಸ. ಒಬ್ಬರು ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ದೋನ್ಯಾ ಒತಿಲಿಯಾ, ಇನ್ನೊಬ್ಬರು ಹಳೇ ಲಾರಿ ಚಾಲಕ ದೋನ್ ಇಲಾರಿಯೊ. ಇಬ್ಬರೂ ಎಪ್ಪತ್ತು ದಾಟಿದವರು, ಅದಕ್ಕೇ ಹೆಸರಿನ ಮುಂದೆ ಗೌರವದ ದೋನ್ಯಾ, ದೋನ್. ಅಲ್ಲಿ ನಡು ಚಳಿಗಾಲವಾದ ಜುಲೈ ತಿಂಗಳಲ್ಲಿ ಅವರು ವ್ಯಾನಿಗೆ ಹತ್ತುವುದು ನೋಡಿದರೆ ಎರಡು ಹಾಸಿಗೆ ಸುರುಳಿಗಳು ತಾವಾಗಿಯೇ ನಡೆದು ಬಂದಂತೆ ಕಾಣುತ್ತಿತ್ತು.

"ಬೆಚ್ಚಗಿದೆಯಾ?" ಎಂದು ಅವಳು ಕೇಳುವಳು.

"ತುಂಬಾ ಚೆನ್ನಾಗಿದೆ ಕಣಮ್ಮ," ಎಂದು ಒತಿಲಿಯಾ ಬಾಯಿಂದ ಹೊಗೆಯಂಥ ಉಸಿರು ಬಿಡುತ್ತಾ ಹೇಳುವಳು.

ಆ ಶುಕ್ರವಾರ ಡಯಾಲಿಸಿಸ್ ಮುಗಿಸಿ ಊರಿಗೆ ಬಂದಾಗ ಒತಿಲಿಯಾಳ ತುಟಿ ನೇರಳೆಯಾಗಿತ್ತು. ಆರೋಗ್ಯ ಕೇಂದ್ರದ ಡಾಕ್ಟರ್ ಸುಲೇಮಾ ಬಾಗಿಲಲ್ಲೇ ನಿಂತಿದ್ದಳು. ಊರಿಗೆ ಬಂದು ಒಂದೇ ವರ್ಷವಾಗಿದ್ದುದರಿಂದ ಅವಳಿಗೆ ಎದೆಲ್ಮಿರಾಳ ಭಯ ಇನ್ನೂ ಕೂತಿರಲಿಲ್ಲ.

"ಇದು ವ್ಯಾನೋ, ಮಂಜುಗಡ್ಡೆಯಲ್ಲಿ ಮಾಂಸ ಸಾಗಿಸೋ ಗಾಡಿಯೋ? ಸೋಮವಾರ ನಾನೇ ಕೂತ್ಕೊಂಡು ಬರ್ತೀನಿ. ಒಳಗೆ ಬೆಚ್ಚಗಿಲ್ಲ ಅಂದ್ರೆ ಬುಧವಾರದಿಂದ ನಗರದ ಆಂಬ್ಯುಲೆನ್ಸ್ ಕಳಿಸಿ ಅಂತ ಬರೀತೀನಿ."

"ಆಂಬ್ಯುಲೆನ್ಸ್‌ನವನಿಗೆ ಇವರ ಮನೆ ದಾರಿ ಗೊತ್ತಾ? ದೋನ್ಯಾ ಒತಿಲಿಯಾನ ಸೂಜಿ ಚುಚ್ಚೋ ಎಡಗೈ ಹಿಡ್ಕೊಂಡು ಇಳಿಸಬಾರದು ಅಂತ ಗೊತ್ತಾ?"

"ಕಲಿತ್ಕೋತಾನೆ," ಎಂದಳು ಡಾಕ್ಟರ್.

ಗಂಡ ಹೋದ ಮೇಲೆ ಎದೆಲ್ಮಿರಾ ಬೆಳಿಗ್ಗೆ ಎದ್ದು ಮುಖ ತೊಳೆಯುತ್ತಿದ್ದುದೇ ಈ ಇಬ್ಬರಿಗಾಗಿ. ಅವರನ್ನು ಬೇರೆ ಯಾರೋ ಕರೆದೊಯ್ಯುವುದನ್ನು ಕಿಟಕಿಯಿಂದ ನೋಡುತ್ತಾ ಕೂರುವುದು ಅವಳಿಂದ ಆಗದ ಮಾತು.

ಗಂಡನ ವಿಷಯ ಹೇಳಲೇಬೇಕು. ಕ್ರಿಸಾಂತೊ ಲೆದೆಸ್ಮಾ ಇಪ್ಪತ್ತೆರಡು ವರ್ಷ ಊರಿನ ಒಬ್ಬನೇ ಮೆಕ್ಯಾನಿಕ್ ಆಗಿದ್ದವನು. ಹುಟ್ಟಿದ್ದು ಉತ್ತರದ ಸಾಂತಿಯಾಗೊ ದೆಲ್ ಎಸ್ತೇರೊದಲ್ಲಿ. ಅಲ್ಲಿ ಬೇಸಿಗೆಯಲ್ಲಿ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತವೆ ಎಂದು ಅವನೇ ಹೇಳುತ್ತಿದ್ದ. ಪ್ಯಾಟಗೋನಿಯಾಕ್ಕೆ ಬಂದವನು ಹಾಸಿಗೆಯಲ್ಲೂ ಟೊಪ್ಪಿ ತೆಗೆಯಲಿಲ್ಲ. ಸತ್ತದ್ದೂ ಹಾಗೆಯೇ: ಊರಿಗೆ ಊರೇ ಅಂಗಿ ಬಿಚ್ಚಿ ಬಿಸಿಲು ಕಾಯಿಸುತ್ತಿದ್ದ ಜನವರಿಯ ಬೇಸಿಗೆಯ ದಿನ, ಮೂರು ಕಂಬಳಿ ಹೊದ್ದು, "ಯಾರೋ ಬಾಗಿಲು ತೆಗೆದಿಟ್ಟಿದ್ದಾರೆ ನೋಡು," ಎಂದು ಬೈಯುತ್ತಾ ಹೋದ. ಅದಾಗಿ ಒಂಬತ್ತು ವರ್ಷ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವನು. ಅವನು ಸತ್ತ ಮೇಲೆ ಅವನ ಪರವಾಗಿ ಆ ಮೊಲವನ್ನು ಎದೆಲ್ಮಿರಾ ಹಿಡಿದುಕೊಂಡಳು. ಅವನ ಕೈ ತಾಗಿದ ಇಂಜಿನ್ನಿನ ಒಂದು ನಟ್ಟನ್ನೂ ಬೇರೆಯವರು ಮುಟ್ಟಕೂಡದು. ಬಿಸಿ ತೋರಿಸುವ ಮುಳ್ಳು ಸದಾ ತಳದಲ್ಲೇ ಮಲಗಿರುತ್ತಿತ್ತು. "ಮುಳ್ಳು ಕೆಳಗಿದ್ದಷ್ಟೂ ಇಂಜಿನ್‌ಗೆ ಆಯಸ್ಸು," ಎಂದು ಅವನು ಹೇಳಿದ್ದನ್ನು ಅವಳು ವೇದವಾಕ್ಯದಂತೆ ನಂಬಿದ್ದಳು.

ಶನಿವಾರ ಬೆಳಿಗ್ಗೆ ಅವಳು ಶೆಡ್ಡಿನಲ್ಲಿ ವ್ಯಾನಿನ ಮುಸುಡಿ ಬಿಚ್ಚಿದಳು. ಅಡುಗೆಯವಳಾದರೂ ಮೆಕ್ಯಾನಿಕ್‌ನ ಹೆಂಡತಿ. ಇಪ್ಪತ್ತೆರಡು ವರ್ಷ ಅವನಿಗೆ ಸ್ಪ್ಯಾನರ್ ಎತ್ತಿಕೊಟ್ಟವಳು. ಮೊದಲು ರೇಡಿಯೇಟರಿನ ನೀರು ನೋಡಿದಳು, ತುಂಬಿತ್ತು. ಫ್ಯಾನ್ ಗೊರಗೊರ ತಿರುಗುತ್ತಿತ್ತು. ಹೀಟರಿಗೆ ಹೋಗುವ ಎರಡು ಪೈಪುಗಳನ್ನೂ ಮುಟ್ಟಿದಳು. ಎರಡೂ ಒಂದೇ ಸಮ, ಕಾಯಿಲೆಯವರ ಅಂಗಾಲಿನಷ್ಟು ಬೆಚ್ಚಗೆ. ಒಂದು ಬಿಸಿ ಒಂದು ತಣ್ಣಗಿದ್ದರೆ ಒಳಗೆ ಕೊಳೆ ಕಟ್ಟಿದೆ ಎಂದಾದರೂ ಹೇಳಬಹುದಿತ್ತು. ಆದರೂ ಬಿಡಲಿಲ್ಲ, ಪೈಪು ಕಳಚಿ ತೋಟದ ನೀರಿನಿಂದ ತೊಳೆದಳು. ಮತ್ತೆ ತುಂಬಿಸಿ, ಮೂಗು ಮೇಲಾಗುವಂತೆ ವ್ಯಾನನ್ನು ದಿಬ್ಬಕ್ಕೆ ಹತ್ತಿಸಿ, ಸಿಕ್ಕಿಕೊಂಡ ಗಾಳಿಯನ್ನೆಲ್ಲ ಗುಳುಗುಳು ಎಂದು ಹೊರಗೆ ಬಿಟ್ಟಳು. ರೇಡಿಯೇಟರಿನ ಮುಂದೆ, ಊರಿನವರೆಲ್ಲ ಮಾಡುವಂತೆ, ಚಳಿಗಾಳಿ ತಡೆಯಲು ರಟ್ಟು ಕಟ್ಟಿದಳು. ನಿಂತಲ್ಲೇ ಇಂಜಿನ್ ಓಡಿಸಿದರೆ ಒಂದಿಷ್ಟು ಬಿಸಿ ಬರುತ್ತಿತ್ತು. ಹೆದ್ದಾರಿಗೆ ಇಳಿದು ಹತ್ತು ನಿಮಿಷ ಓಡಿಸಿದರೆ ಮತ್ತೆ ಹಾಳು ಮಂಜು.

ವಾಪಸು ಬಂದಾಗ ದೋನ್ ಇಲಾರಿಯೊ ಕೋಲೂರಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

"ಇಂಜಿನ್ ಆರಿಸಿ ತಣ್ಣಗಾಗಲಿ. ಆಮೇಲೆ ಶುರು ಮಾಡಿ ರೇಡಿಯೇಟರಿನ ಮೇಲಿನ ದಪ್ಪ ಪೈಪನ್ನ ಮುಟ್ಟಿ ನೋಡು," ಎಂದ.

"ಯಾಕೆ?"

"ಮುಟ್ಟಿ ನೋಡು ಮಾರಾಯ್ತಿ. ನನ್ನ ಬಾಯಲ್ಲಿ ಹೇಳಿಸ್ಬೇಡ." ಅಷ್ಟು ಹೇಳಿ, ಕಳ್ಳನಂತೆ ಹಿಂದೆ ಮುಂದೆ ನೋಡಿ, ಕುಂಟುತ್ತಾ ಹೊರಟೇಹೋದ.

ಅವಳು ಹಾಗೆಯೇ ಮಾಡಿದಳು. ಇಂಜಿನ್ ಹತ್ತಿದ ಮೂರೇ ನಿಮಿಷಕ್ಕೆ ದಪ್ಪ ಪೈಪು ಉಗುರುಬೆಚ್ಚಗಾಯಿತು. ಅಂದರೆ ಇಂಜಿನ್ ಕಾಯುವ ಮೊದಲೇ ನೀರೆಲ್ಲ ರೇಡಿಯೇಟರಿಗೆ ಓಡಿ ತಣ್ಣಗಾಗಿ ಬರುತ್ತಿದೆ, ಹೀಟರಿಗೆ ಬಿಸಿನೀರೇ ಸಿಗುತ್ತಿಲ್ಲ. ಕಾಯುವ ತನಕ ನೀರನ್ನು ತಡೆದು ನಿಲ್ಲಿಸಲು ಅಲ್ಲೊಂದು ಪುಟ್ಟ ಹಿತ್ತಾಳೆಯ ಬಾಗಿಲು ಇರಬೇಕು, ಥರ್ಮೋಸ್ಟಾಟ್. ಅದು ತೆರೆದೇ ಕಚ್ಚಿಕೊಂಡಿದೆಯೇ? ಅದನ್ನು ಮುಚ್ಚಿದ್ದ ತಟ್ಟೆಯ ಎರಡು ಬೋಲ್ಟುಗಳನ್ನು ಕ್ರಿಸಾಂತೊನೇ ಬಿಗಿದಿದ್ದ. ಅವಳು ಸ್ಪ್ಯಾನರ್ ಹಿಡಿದು ಬಹಳ ಹೊತ್ತು ನಿಂತಳು. ಕಡೆಗೆ, "ತಪ್ಪಾಯ್ತು ಕಣೋ ಮುದುಕ," ಎಂದು ಬಿಚ್ಚಿದಳು.

ಒಳಗೆ ಏನೂ ಇರಲಿಲ್ಲ. ಬರೀ ತೂತು.

ಅವಳಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಸಾಂತಿಯಾಗೊ ದೆಲ್ ಎಸ್ತೇರೊದ ಬೇಗೆಯಲ್ಲಿ ರೇಡಿಯೇಟರು ಕುದಿಯದಿರಲಿ ಎಂದು ಯಾವ ಗಾಡಿ ಬಂದರೂ ಮೆಕ್ಯಾನಿಕ್‌ಗಳು ಮಾಡುವ ಮೊದಲ ಕೆಲಸ ಈ ಥರ್ಮೋಸ್ಟಾಟನ್ನು ಕಿತ್ತೆಸೆಯುವುದು. ಆ ಪುಣ್ಯಾತ್ಮ ಅದೇ ಬುದ್ಧಿಯನ್ನು ಹೊತ್ತುಕೊಂಡು ಎರಡೂವರೆ ಸಾವಿರ ಕಿಲೋಮೀಟರ್ ದಕ್ಷಿಣಕ್ಕೆ, ಹಿಮ ಬೀಳುವ ಊರಿಗೆ ಬಂದಿದ್ದ. ಹಾಗಾದರೆ ಬೇರೆಯವರ ಗಾಡಿಗಳು?

ಶೆಡ್ಡನ್ನು ತಲೆಕೆಳಗು ಮಾಡಿ ಹುಡುಕಿದಳು. ಅಟ್ಟದ ಮೇಲೆ ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ ಸಿಕ್ಕಿತು. ತುಂಬ ಥರ್ಮೋಸ್ಟಾಟುಗಳು. ಪ್ರತಿಯೊಂದಕ್ಕೂ ತಂತಿಯಲ್ಲಿ ಕಟ್ಟಿದ ಚೀಟಿ, ಚೀಟಿಯಲ್ಲಿ ಅವನ ಕಾಗೆ ಕಾಲಿನ ಅಕ್ಷರದಲ್ಲಿ ಗಾಡಿಯವರ ಹೆಸರು. ಕಿತ್ತದ್ದು ಹೌದು, ಆದರೆ ಪರರ ಸೊತ್ತು ಎಂದು ಒಂದನ್ನೂ ಎಸೆದಿರಲಿಲ್ಲ. ಅವಳು ಎಣಿಸಿದಳು, ನಲವತ್ತೊಂದು. ಪಾದ್ರಿ, ಪೊಲೀಸು, ಬ್ರೆಡ್ಡಿನ ಅಂಗಡಿಯವನು, ಇಲಾರಿಯೊ, ಸತ್ತವರು, ಊರು ಬಿಟ್ಟವರು. ಒಂದರ ಮೇಲೆ "ನನ್ನ ಹೆಂಡತಿ" ಎಂದಿತ್ತು.

"ಹೆಂಡತಿಯನ್ನೂ ಬಿಡಲಿಲ್ಲ ನೋಡು, ಕತ್ತೆ ಬಡವ," ಎಂದು ನಕ್ಕಳು. ನಗುತ್ತಿದ್ದಂತೆ ಅಳು ಬಂತು, ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು ಆ ಸೀಮೆಯವರು ಹೊತ್ತುಹೊತ್ತಿಗೂ ಹೀರುವ ಮಾತೆ ಎಂಬ ಕಹಿ ಎಲೆಯ ಕಷಾಯಕ್ಕೆ ನೀರಿಟ್ಟಳು. ಮಾತೆಗೆ ನೀರು ಕುದಿಯಬಾರದು, ಕೆಟಲು ಗುಂಯ್ ಎನ್ನುವಾಗಲೇ ಇಳಿಸಬೇಕು. ಇಂಜಿನ್ನಿನ ಆ ಬಾಗಿಲು ತೆರೆಯಬೇಕಾದ್ದೂ ಹೆಚ್ಚುಕಡಿಮೆ ಅದೇ ಬಿಸಿಗೆ. ತನ್ನ ಹೆಸರಿನದನ್ನು ದಾರಕ್ಕೆ ಕಟ್ಟಿ ಕೆಟಲಿಗೆ ಇಳಿಬಿಟ್ಟಳು. ಗುಂಯ್ ಎಂದಾಗ ಅದು ಮೆಲ್ಲಗೆ ಬಾಯಿ ತೆರೆಯಿತು. ಇಷ್ಟು ವರ್ಷ ಡಬ್ಬಿಯಲ್ಲಿದ್ದರೂ ಸತ್ತಿರಲಿಲ್ಲ. ಅದನ್ನು ತೂತಿನಲ್ಲಿ ಕೂರಿಸಿ, ನೀರು ಸೋರದಂತೆ ನೂಡಲ್ಸ್ ಪೆಟ್ಟಿಗೆಯ ರಟ್ಟು ಕತ್ತರಿಸಿ, ಅಂಟು ಸವರಿ, ತಟ್ಟೆಯಡಿಗಿಟ್ಟು ಬೋಲ್ಟು ಬಿಗಿದಳು. ಹೆದ್ದಾರಿಗೆ ಇಳಿಸಿ ಓಡಿಸಿದಾಗ ಮುಳ್ಳು, ಅವಳು ಕಂಡಂತೆ ಮೊದಲ ಬಾರಿಗೆ, ಎದ್ದು ನಡುಮಧ್ಯೆ ನಿಂತಿತು.

ಉಳಿದ ನಲವತ್ತು? ಮುಚ್ಚಿಟ್ಟರೆ ಕ್ರಿಸಾಂತೊನ ಹೆಸರು ಉಳಿಯುತ್ತಿತ್ತು. ಆದರೆ ಒತಿಲಿಯಾಳ ನೇರಳೆ ತುಟಿ ಕಣ್ಣ ಮುಂದಿತ್ತು. ಇನ್ನೆಷ್ಟು ಮನೆಗಳ ಮುದುಕರು ಹೀಗೆ ನಡುಗುತ್ತಿದ್ದಾರೋ. ಭಾನುವಾರ ಮಧ್ಯಾಹ್ನ ರೇಡಿಯೊದವರು ದೂರದ ಕುರಿ ಫಾರಂಗಳ ಜನರಿಗೆ ಸಂದೇಶ ಓದುವ ಹೊತ್ತಿಗೆ, ಒಬ್ಬಾಕೆ ಹೆತ್ತ ಸುದ್ದಿಗೂ ಇನ್ನೊಬ್ಬನ ಕುದುರೆ ಕಳೆದ ಸುದ್ದಿಗೂ ನಡುವೆ, ಅವಳ ಚೀಟಿಯನ್ನೂ ಓದಿದರು:

"ಕ್ರಿಸಾಂತೊ ಲೆದೆಸ್ಮಾ ರಿಪೇರಿ ಮಾಡಿದ ಎಲ್ಲ ಗಾಡಿಗಳವರ ಗಮನಕ್ಕೆ. ನಿಮ್ಮ ಹೀಟರ್ ಕೆಡಿಸಿದ್ದು ನನ್ನ ಗಂಡ. ನಿಮ್ಮ ಥರ್ಮೋಸ್ಟಾಟ್ ನನ್ನ ಮನೆಯಲ್ಲಿದೆ, ಬಂದು ತಗೊಂಡು ಹೋಗಿ. ಬೈಯುವವರು ನನಗೇ ಬೈಯಿರಿ, ಗೋರಿಯ ಹತ್ತಿರ ಹೋಗಿ ಗಲಾಟೆ ಮಾಡಬೇಡಿ. ಎದೆಲ್ಮಿರಾ."

ಬಾಗಿಲು ತೆರೆದಿಟ್ಟು, ಬೈಗುಳಕ್ಕೆ ತಯಾರಾಗಿ ಕೂತಳು. ಸಂಜೆಯವರೆಗೂ ಒಂದು ನರಪಿಳ್ಳೆ ಬರಲಿಲ್ಲ.

ಸೋಮವಾರ ಡಾಕ್ಟರ್ ಮುಂದೆ ಕೂತಳು, ಹಾಸಿಗೆ ಸುರುಳಿಗಳು ಹಿಂದೆ. ಇಪ್ಪತ್ತನೇ ಕಿಲೋಮೀಟರಿಗೆ ಡಾಕ್ಟರ್ ಕೈಗವಸು ತೆಗೆದಳು. ಮೂವತ್ತಕ್ಕೆ ಕೋಟಿನ ಗುಂಡಿ ಬಿಚ್ಚಿದಳು.

"ಆಂಬ್ಯುಲೆನ್ಸ್ ಬೇಡ ಬಿಡಿ," ಎಂದಳು.

ಎದೆಲ್ಮಿರಾಳ ತಲೆಯಲ್ಲಿ ಬೇರೆ ಹುಳ ಕೊರೆಯುತ್ತಿತ್ತು. "ಯಾರೂ ಯಾಕೆ ಬರ್ಲಿಲ್ಲ, ದೋನ್ ಇಲಾರಿಯೊ? ನಿಮ್ಮದೂ ಇದೆ ಡಬ್ಬೀಲಿ."

ಇಲಾರಿಯೊ ಕೆಮ್ಮಿದ. "ನಾನು ಹದಿನೈದು ವರ್ಷದ ಹಿಂದೇನೇ ನಗರದಲ್ಲಿ ಹೊಸದು ಹಾಕಿಸ್ಕೊಂಡೆ. ಎಲ್ಲರೂ ಅಷ್ಟೇ. ಕ್ರಿಸಾಂತೊ ಕಿತ್ತಿದ್ದು ಕಿತ್ತಿದ್ದೇ, ನಾವು ಹೋಗಿ ಕದ್ದುಮುಚ್ಚಿ ಹಾಕಿಸ್ಕೊಂಡಿದ್ದೇ. ಅವನು ಕೆಟ್ಟ ಮೆಕ್ಯಾನಿಕ್ ಅಲ್ಲಮ್ಮ, ತಪ್ಪು ಊರಿನ ಮೆಕ್ಯಾನಿಕ್."

"ಊರಿಗೆಲ್ಲ ಗೊತ್ತಿತ್ತಾ?"

"ಪಾದ್ರಿಗೂ ಗೊತ್ತಿತ್ತು."

"ಮತ್ತೆ ನನ್ನ ವ್ಯಾನಲ್ಲಿ ಒಂಬತ್ತು ಚಳಿಗಾಲ ಹೆಣದ ಥರ ಸೆಟೆದು ಕೂತಿದ್ರಲ್ಲ! ನಿಮಗೇನು ಬಾಯಿ ಸತ್ತಿತ್ತಾ?"

ಉತ್ತರ ಕೊಟ್ಟದ್ದು ಒತಿಲಿಯಾ. "ನೀನು ಅವನ ಹೆಸರು ಹೇಳ್ವಾಗ ನಿನ್ನ ಮುಖ ಹೇಗಿರ್ತಿತ್ತು ಅಂತ ನಿನಗೆಲ್ಲಿ ಗೊತ್ತು, ಮಗಳೇ? ಅದನ್ನ ಕೆಡಿಸೋಕಿಂತ ಚಳೀನೇ ವಾಸಿ ಅನ್ನಿಸ್ತು."

ಎದೆಲ್ಮಿರಾ ಬೈಯಲು ಬಾಯಿ ತೆರೆದಳು. ಕನ್ನಡಿಯಲ್ಲಿ ಒತಿಲಿಯಾ ಸೆಖೆಗೆ ಒಂದೊಂದೇ ಬಿಚ್ಚುತ್ತಿದ್ದಳು: ಶಾಲು, ಕೋಟು, ಎರಡು ಸ್ವೆಟರು. ಅಷ್ಟೂ ಬಟ್ಟೆಯೊಳಗಿಂದ ಹೊರಬಿದ್ದದ್ದು ಒಣ ಪುರಲೆಯಂಥ ಎರಡು ತೋಳುಗಳು. ವಾರಕ್ಕೆ ಮೂರು ದಿನ ನೋಡುತ್ತಿದ್ದ ಜೀವ ಯಾವಾಗ ಇಷ್ಟು ಸವೆಯಿತು? ಎದೆಲ್ಮಿರಾಳಿಗೆ ನಾಚಿಕೆಯಾಯಿತು. ಬೈಯುವುದನ್ನು ಬಿಟ್ಟು, ಗುಂಡಿಗಳನ್ನು ತಪ್ಪಿಸುತ್ತಾ ವ್ಯಾನನ್ನು ನಿಧಾನವಾಗಿ ಓಡಿಸಿದಳು.

ವಾಪಸು ಬರುವಾಗ ಒತಿಲಿಯಾ ನಿದ್ದೆ ಹೋದಳು. ಒಂಬತ್ತು ವರ್ಷದಲ್ಲಿ ವ್ಯಾನಿನಲ್ಲಿ ಯಾರೂ ನಿದ್ದೆ ಮಾಡಿದ್ದಿಲ್ಲ, ಹಲ್ಲು ಕಟಕಟಿಸುವ ಸದ್ದಿಗೆ ಯಾರಿಗೆ ನಿದ್ದೆ ಬರುತ್ತದೆ? ಒತಿಲಿಯಾಳ ಮನೆ ಬಂತು. ಎದೆಲ್ಮಿರಾ ನಿಲ್ಲಿಸಿದಳು, ಆದರೆ ಇಂಜಿನ್ ಆರಿಸಲಿಲ್ಲ, ಎಬ್ಬಿಸಲೂ ಇಲ್ಲ.

"ನನ್ನನ್ನಾದ್ರೂ ಮನೆಗೆ ಬಿಡು," ಎಂದು ಇಲಾರಿಯೊ ಪಿಸುಗುಟ್ಟಿದ. "ಬೆಂದು ಹೋಗ್ತಿದ್ದೀನಿ."

"ಬೇಯಿರಿ. ಒಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ದಕ್ಕೆ ಇದೇ ಶಿಕ್ಷೆ."

ಇಲಾರಿಯೊ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಡಾಕ್ಟರನ್ನೂ ಸೇರಿಸಿ ಮೂವರೂ ಹಾಗೆಯೇ ಕೂತರು, ಒತಿಲಿಯಾ ತಾನಾಗಿ ಏಳುವವರೆಗೆ.