ಹುಲ್ಲಿನ ಮೇಲೆ ಉಳಿದ ಪೈಪು

ಶನಿವಾರ ಗಂಡನನ್ನು ಮಣ್ಣು ಮಾಡಿ ಬಂದ ಟ್ರೆಸಾ ಉನ್ರು, ಸೋಮವಾರ ಬೆಳಕು ಹರಿಯುವ ಮುಂಚೆ ಕಾಲೇಜು ಮೈದಾನದ ಗೇಟು ತೆಗೆಯುತ್ತಾಳೆ. ಕ್ಯಾನ್ಸಸ್‌ನ ಆಗಸ್ಟ್. ಬಿಸಿಲೇರಿದ ಮೇಲೆ ಕತ್ತರಿಸಿದರೆ ಹುಲ್ಲು ಸುಟ್ಟುಹೋಗುತ್ತದೆ, ಯಾರು ಸತ್ತರೂ.

ಪಂದ್ಯದ ಅಂಗಳ ಮುಗಿಸಿ ಪಕ್ಕದ ಅಭ್ಯಾಸದ ಅಂಗಳಕ್ಕೆ ಬಂದಾಗ ಹುಲ್ಲು ಕತ್ತರಿಸುವ ಯಂತ್ರದ ಮುಂದೆ ಒಂದು ಪೈಪು ಎದುರಾಗುತ್ತದೆ. ಊರಿನ ಅಗ್ನಿಶಾಮಕ ಠಾಣೆಯ ಹಳೆಯ ಬಟ್ಟೆ ಪೈಪು, ನಾಗರಹಾವಿನ ಹೊಟ್ಟೆಯಂತೆ ಚಪ್ಪಟೆ. ಉದ್ದಕ್ಕೂ ಬಿಳಿ ಬಣ್ಣದ ಗುರುತುಗಳು. ಅವಳ ಗಂಡ ಗಾರ್ತ್ ಹಾಸಿ ಹೋದದ್ದು. ಟ್ರೆಸಾ ಅದನ್ನು ಮುಟ್ಟದೆ ಸುತ್ತುಹಾಕಿ ಯಂತ್ರ ಓಡಿಸುತ್ತಾಳೆ.

"ಇಳಿದು ಸುತ್ತಿಟ್ಟಿದ್ರೆ ಎರಡು ನಿಮಿಷದ ಕೆಲಸ," ಅನ್ನುತ್ತಾಳೆ ಈಗ ನೆನೆಸಿಕೊಂಡು. "ಇಳೀಲಿಲ್ಲ."

ಟ್ರೆಸಾ ಈ ಮೈದಾನದ ಹುಲ್ಲು, ನೀರು, ಗೆರೆಗಳನ್ನು ನೋಡಿಕೊಳ್ಳುವವಳು. ವಿಶ್ವವಿದ್ಯಾಲಯದಲ್ಲಿ ಓದಿದ್ದೂ ಹುಲ್ಲನ್ನೇ. ತಾನಾಗಿ ಬೆಳೆಯೋದನ್ನ ನೋಡೋಕೂ ಪದವಿ ಬೇಕಾ ಎಂದು ಮಾವ ಇವತ್ತಿಗೂ ರೇಗಿಸುತ್ತಾನೆ. ಶನಿವಾರ ಬಂತೆಂದರೆ ಊರಿಗೆ ಊರೇ ಅವಳು ಎಳೆದ ಗೆರೆಯನ್ನು ಚೆಂಡು ದಾಟಿತೋ ಇಲ್ಲವೋ ಎಂದು ಗಂಟಲು ಹರಿದುಕೊಳ್ಳುತ್ತದೆ. ಗೆರೆ ಎಳೆದವರು ಯಾರೆಂದು ಕೇಳಿದವರಿಲ್ಲ. ಅದರಲ್ಲಿ ಅವಳಿಗೆ ಬೇಸರವಿದ್ದಂತೆ ಕಾಣುವುದಿಲ್ಲ. ಗೆರೆ ಸೊಟ್ಟಗಿದ್ದರೆ ಮಾತ್ರ ಕೇಳುತ್ತಾರಂತೆ.

ಆಟ ಅಮೆರಿಕನ್ ಫುಟ್‌ಬಾಲ್, ಆದರೆ ಈ ಕಾಲೇಜಿನ ತಂಡ ಚೆಂಡನ್ನು ಎಸೆಯುವುದು ಅಪರೂಪ. ಹೊತ್ತು ಓಡುತ್ತದೆ. ಎದುರಾಳಿಗಳ ಸಾಲಿನ ತುದಿಯಲ್ಲಿರುವ ಒಬ್ಬನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಆಟ ನಡೆಸುವ ಹುಡುಗ, ಕ್ವಾರ್ಟರ್‌ಬ್ಯಾಕ್, ಚೆಂಡು ಹಿಡಿದು ಅವನ ಕಡೆಗೇ ಓಡುತ್ತಾನೆ, ಕಣ್ಣು ಅವನ ಮೇಲೆ. ಅವನು ಮೈಮೇಲೆ ಬಿದ್ದರೆ ಚೆಂಡು ಪಕ್ಕದ ಜೊತೆಗಾರನಿಗೆ. ಜೊತೆಗಾರನ ಬೆನ್ನು ಹತ್ತಿದರೆ ಕ್ವಾರ್ಟರ್‌ಬ್ಯಾಕ್ ತಾನೇ ಓಟ ಕೀಳುತ್ತಾನೆ. ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳುವ ಹಾಗಿಲ್ಲ.

ಮದುವೆಯಾದ ಹೊಸತರಲ್ಲಿ ಟ್ರೆಸಾಗೆ ಇದು ತಲೆಗೆ ಹತ್ತಿರಲಿಲ್ಲ. ಆ ಒಬ್ಬನನ್ನೂ ತಡೆದುಬಿಟ್ಟರೆ ಆಗದೇ ಎಂದು ಕೇಳಿದ್ದಳು. ಗಾರ್ತ್ ತಂಡದ ಮುಂದಿನ ಸಾಲಿನ ಐವರಿಗೆ ಕೋಚ್. ಅವಳು ಎಲೆಕೋಸು, ಮಾಂಸ ತುಂಬಿದ ಬನ್ನುಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ಅವನು ಅದರಲ್ಲೇ ಐದನ್ನು ಸಾಲಾಗಿಟ್ಟ.

"ಎಲ್ಲಿ ಹೋದ್ರೂ ಅವನು ಹೋಗಿದ್ದೇ ತಪ್ಪಾಗುತ್ತೆ. ಅಂಥವನಿಗೆ ಒಬ್ಬ ಆಳು ಯಾಕೆ ದಂಡ?" ಎಂದ. ಬನ್ನುಗಳನ್ನು ಒಂದರಿಂದೊಂದು ದೂರ ಸರಿಸಿದ. "ಇವು ಅಂಟ್ಕೊಂಡ್ರೆ ಕೆಟ್ವು. ನಾವು ಬಿಡಿಬಿಡಿಯಾಗಿ ನಿಂತ್ರೆ ತುದಿಯವನೂ ದೂರ ನಿಲ್ಬೇಕು. ನಮ್ಮ ಹುಡುಗನಿಗೆ ನೋಡೋಕೆ ಒಂದು ಉಸಿರು ಸಿಗುತ್ತೆ. ಅಷ್ಟೇ ಕಣೇ ಆಟ."

ಆ ಒಂದು ಉಸಿರಿಗಾಗಿಯೇ ಪೈಪು. ಪ್ರತಿ ಆಗಸ್ಟ್‌ನಲ್ಲಿ ಠಾಣೆಯಿಂದ ಎರವಲು ತಂದು ಹಾಸುತ್ತಿದ್ದ. ಐವರೂ ಬಿಳಿ ಗುರುತಿನ ಮೇಲೆ ಕಾಲಿಟ್ಟು ನಿಲ್ಲಬೇಕು. ಹೆಂಡತಿಯ ಹುಲ್ಲು ಸಾಯಬಾರದೆಂದು ದಿನಾ ಸಂಜೆ ಎತ್ತಿಡುತ್ತಿದ್ದ. ಮೊದಲ ಪಂದ್ಯಕ್ಕೆ ಒಂದು ವಾರ ಮುಂಚೆ ಸುತ್ತಿ ವಾಪಸು ಕೊಟ್ಟುಬಿಡುತ್ತಿದ್ದ. ಆಮೇಲೆ ಅವರ ಕಾಲು ಅವರೇ ನೋಡಿಕೊಳ್ಳಬೇಕು.

ಈ ಸಲ ಅಷ್ಟರೊಳಗೆ, ಪೈಪು ಹಾಸಿ ಹೋದ ಒಂದು ದಿನ, ಸಂಜೆ ಎತ್ತಿಡುವ ಮುಂಚೆಯೇ, ಮಣ್ಣಿನ ರಸ್ತೆಯಲ್ಲಿ ಗೋಧಿ ಲಾರಿಯೊಂದು ಅವನ ಗಾಡಿಗೆ ಗುದ್ದಿತು.

ಆ ವಾರವಿಡೀ ತಂಡ ಪೈಪಿನ ಮೇಲೇ ಅಭ್ಯಾಸ ಮಾಡುತ್ತದೆ. ಯಾರೂ ಅದನ್ನು ಮುಟ್ಟುವುದಿಲ್ಲ. ಹುಡುಗರು ಟ್ರೆಸಾಳನ್ನು ಕಂಡರೆ ಟೋಪಿ ತೆಗೆಯುತ್ತಾರೆ, ದನಿ ತಗ್ಗಿಸುತ್ತಾರೆ. ಮನೆಯ ತುಂಬ ನೆರೆಯವರು ತಂದಿಟ್ಟ ಊಟದ ಪಾತ್ರೆಗಳು, ಒಂದೊಂದರ ತಳದಲ್ಲೂ ಹೆಸರಿನ ಪಟ್ಟಿ. ತೊಳೆದು ಒಂದೊಂದೇ ಹಿಂದಿರುಗಿಸುತ್ತಾಳೆ. ಪೈಪಿನ ಹಿತ್ತಾಳೆ ಬಾಯಿಯ ಮೇಲೂ ಠಾಣೆಯ ಹೆಸರಿದೆ. ಅದನ್ನು ಮಾತ್ರ ದಿನಾ ಸುತ್ತುಹಾಕಿ ಹೋಗುತ್ತಾಳೆ.

ಶನಿವಾರ, ಪೈಪಿಲ್ಲದ ಪಂದ್ಯದ ಅಂಗಳದಲ್ಲಿ, ಮೊದಲ ಪಂದ್ಯವನ್ನೇ ತಂಡ ಸೋಲುತ್ತದೆ. ಸುಮ್ಮನೆ ಅಲ್ಲ, ತುದಿಯವನು ಬಂದು ಬಂದು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುತ್ತಾನೆ. ಗಾರ್ತ್ ಕಲಿಸಿದ ಆಟಕ್ಕೆ ಕಾಲ ಮುಗಿಯಿತು, ಎಸೆಯುವ ಕೋಚ್‌ನನ್ನು ತರಬೇಕು ಎಂದು ಕಟ್ಟೆಯ ಮೇಲೆ ಕೂತವರು ಗೊಣಗುವುದು ಅವಳ ಕಿವಿಗೂ ಬೀಳುತ್ತದೆ. ಜನ ಕರಗಿದ ಮೇಲೆ ಕಿತ್ತ ಹುಲ್ಲನ್ನು ಕಾಲಿನಿಂದ ಒತ್ತುತ್ತಾ ನಡೆಯುತ್ತಾಳೆ. ಬೂಟಿನ ಮೊಳೆ ಗುರುತುಗಳೆಲ್ಲ ಒಂದೇ ಕಡೆ ಗುಡ್ಡೆಯಾಗಿವೆ. ಅಂದರೆ ಐವರೂ ಒತ್ತಿಕೊಂಡು ನಿಂತಿದ್ದರು.

ಮುಖ್ಯ ಕೋಚ್ ರೋಲಂಡ್ ವೋತ್‌ನನ್ನು ಹುಡುಕಿಕೊಂಡು ಹೋಗಿ, ಪೈಪು ಯಾಕೆ ತೆಗೆಸಲಿಲ್ಲ ಎಂದು ಕೇಳುತ್ತಾಳೆ. ಅವನು ಟೋಪಿಯ ಅಂಚು ಹಿಡಿದು ತಿರುಗಿಸುತ್ತಾನೆ.

"ನಿನ್ನ ಹತ್ರ ಹೆಂಗಮ್ಮ ಕೇಳ್ಲಿ?"

"ಅವನಿದ್ದಿದ್ರೆ ನಿಮ್ಮಿಬ್ಬರಿಗೂ ಬೈತಿದ್ದ," ಎನ್ನುತ್ತಾನೆ ಪಕ್ಕದಲ್ಲೇ ಐಸ್ ಚೀಲ ಕಟ್ಟಿಕೊಂಡು ಕೂತ ಡಾರಿಯಸ್, ಐವರ ಸಾಲಿನಲ್ಲಿ ನಡುವೆ ನಿಲ್ಲುವವನು. "ಅಜ್ಜಿ ಮನೆ ಸೋಫಾದ ಮೇಲೆ ಒತ್ಕೊಂಡು ಕೂತಂಗೆ ನಿಂತಿದ್ವಿ, ಮೇಡಂ."

ಸಾವಾದ ಮೇಲೆ ಅವಳೆದುರು ಯಾರಾದರೂ ಮಾಮೂಲಿ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಸೋಮವಾರ ಬೆಳಗ್ಗೆ ಟ್ರೆಸಾ ಯಂತ್ರ ನಿಲ್ಲಿಸಿ ಇಳಿಯುತ್ತಾಳೆ. ಪೈಪು ಇಬ್ಬನಿಯಲ್ಲಿ ನೆನೆದು ಭಾರವಾಗಿದೆ. ಸುತ್ತುತ್ತಾ ಹೋದಂತೆ ಕೆಳಗೆ ಹಳದಿ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತದೆ. ಗಾಳಿ ಬೆಳಕಿಲ್ಲದೆ ಹುಲ್ಲು ಸೋತಿದೆ. ಕೂತು ಬುಡ ಬಿಡಿಸಿ ನೋಡುತ್ತಾಳೆ. ಬೇರು ಇನ್ನೂ ಬೆಳ್ಳಗಿದೆ.

ಹಳದಿ ಪಟ್ಟಿಯನ್ನೇ ನೋಡಿ ಹುಡುಗರು ಕಾಲಿಟ್ಟುಬಿಟ್ಟಾರು ಎಂದು, ಅಭ್ಯಾಸದ ಗೆರೆಗಳನ್ನು ಮೈದಾನದ ಇನ್ನೊಂದು ತುದಿಯಲ್ಲಿ ಹೊಸದಾಗಿ ಎಳೆಯುತ್ತಾಳೆ. ಮಧ್ಯಾಹ್ನ ಐವರೂ ಅಲ್ಲಿ ಬಂದು ನಿಂತು, ಮೊದಲು ಕೆಳಗೆ ನೋಡುತ್ತಾರೆ. ಅಲ್ಲಿ ಏನೂ ಇಲ್ಲ. ಒಬ್ಬರನ್ನೊಬ್ಬರು ನೋಡುತ್ತಾರೆ. ಡಾರಿಯಸ್ ಪಕ್ಕದವನನ್ನು ಮೊಣಕೈಯಿಂದ ಆಚೆ ನೂಕಿ, ನನ್ನ ಉಸಿರು ನನಗೆ ಬಿಡೋ ಎನ್ನುತ್ತಾನೆ. ಸಾಲು ಬಿಡಿಸಿಕೊಳ್ಳುತ್ತದೆ. ಸರಿಯಾಗಿಲ್ಲ, ಆದರೆ ಬಿಡಿಸಿಕೊಳ್ಳುತ್ತದೆ.

ಸಂಜೆ ಠಾಣೆಯಲ್ಲಿ ಮುದುಕ ಮೆರ್ಲ್ ಶ್ರಾಗ್ ಪೈಪನ್ನು ನೋಡಿ ಬೇಡವೆಂದು ಕೈ ಬೀಸುತ್ತಾನೆ. ಅದು ಎಂದಿನಿಂದಲೋ ಸೋರುವಂಥದ್ದು, ಬೆಂಕಿ ಆರಿಸೋಕೆ ಬರುವುದಿಲ್ಲ.

"ಇಟ್ಕೋ ಮಗಳೇ. ಅವನ ನೆನಪಿಗೆ."

ಟ್ರೆಸಾ ಸುರುಳಿಯನ್ನು ಗೋಡೆಯ ಗೂಟದ ಹತ್ತಿರ ತಾನೇ ಎತ್ತಿ ಒಯ್ಯುತ್ತಾಳೆ. ಮೆರ್ಲ್ ಇನ್ನೊಂದು ಬದಿ ಹಿಡಿಯುತ್ತಾನೆ.

"ಇಲ್ಲೇ ಇರ್ಲಿ," ಅನ್ನುತ್ತಾಳೆ. "ಬರೋ ಆಗಸ್ಟ್‌ನಲ್ಲಿ ಕೇಳೋಕೆ ಬರ್ತೀನಿ. ಅವನು ಯಾವತ್ತೂ ಹೊತ್ತಿಗೆ ಸರಿಯಾಗಿ ತಂದ್ಕೊಡ್ತಿದ್ದ, ಮೆರ್ಲ್. ಈ ಸಲ ಒಂದು ಪಂದ್ಯ ತಡ ಆಯ್ತು."