ಇಬ್ಬರ ಅಂಗಿ, ಒಂದು ಸಿಂಕು

ರಾಜಗೋಪಾಲನಗರದ ಎರಡನೇ ಮಹಡಿಯ ಆ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದೆ. ನನ್ನ ಜೊತೆಗಾರ ಹಿಂದಿನ ರಸ್ತೆಯ ಇನ್ನೊಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷೀನ್ ನಡೆಸುತ್ತಿದ್ದ. ಬಟ್ಟೆ ಒಗೆಯುವ ಕಲ್ಲು ಇದ್ದದ್ದು ಕೆಳಗೆ, ಓನರ್ ಮನೆಯ ಹಿತ್ತಿಲಲ್ಲಿ, ಅದು ಅವರಿಗಷ್ಟೇ. ನಮಗೆ ಅಡುಗೆ ಮೂಲೆಯ ಸ್ಟೀಲ್ ಸಿಂಕೇ ಗತಿ. ಅಕ್ಕಿ ತೊಳೆಯುವುದು, ಮುಖ ತೊಳೆಯುವುದು, ಯೂನಿಫಾರಂ ಒಗೆಯುವುದು ಎಲ್ಲ ಅದರಲ್ಲೇ. ಒಂದು ಪ್ಯಾಂಟು ಹಾಕಿದರೆ ಅದರ ಕಾಲುಗಳು ಹೊರಗೆ ಜೋತುಬಿದ್ದು ನಮ್ಮ ಪಾದದ ಮೇಲೆ ನೀರು ಸುರಿಸುತ್ತಿದ್ದವು.

ಮಷೀನಿನ ಎಣ್ಣೆಯೂ ಬಾರ್ ಸೋಪೂ ಬೆರೆತ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಜೇಬು ಹೊರಗೆ ಮಗುಚಿ ಕೊಡವದೆ ನೀರಿಗೆ ಹಾಕಿದರೆ ಕಬ್ಬಿಣದ ಚೂರು ಬೆರಳಿಗೆ ಚುಚ್ಚುತ್ತಿತ್ತು. ಒಗೆಯುವುದರಲ್ಲಿ ಅವನು ನನಗಿಂತ ಅಚ್ಚುಕಟ್ಟು. ಕಾಲರಿಗೆ, ತೋಳಿನ ಪಟ್ಟಿಗೆ ಸೋಪು ಹಚ್ಚಿಟ್ಟು, ಟೀ ಕುಡಿದು ಬಂದು ಆಮೇಲೆ ಉಜ್ಜುತ್ತಿದ್ದ. ನಾನು ಬ್ರಷ್ ಹಿಡಿದು ಪರಪರ ಕೆರೆಯುತ್ತಿದ್ದರೆ, "ಮೊದ್ಲು ನೆನೀಲಿ ಮಗಾ, ಬಟ್ಟೆ ಜೊತೆ ಯಾಕ್ ಜಗಳ ಆಡ್ತೀಯ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನ ಕಾರ್ಖಾನೆಯಿಂದ ನನಗೆ ಫೋನ್ ಬಂತು. ಬಲಗೈಯ ಎರಡು ಬೆರಳು ಪ್ರೆಸ್ಸಿಗೆ ಸಿಕ್ಕಿದ್ದವು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದರು. ನರ್ಸೊಬ್ಬರು ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಕೈಗಿಟ್ಟರು. ಒಳಗೆ ಅವನ ನೀಲಿ ಅಂಗಿ ಮುದ್ದೆಯಾಗಿತ್ತು. ಸಂಜೆ ಅವನ ಅಣ್ಣ ತಿಪಟೂರಿನಿಂದ ಬಂದು ಹತ್ತಿರ ಕೂತ ಮೇಲೆ ನಾನು ಕವರ್ ಹಿಡಿದುಕೊಂಡು ರೂಮಿಗೆ ಬಂದೆ.

ಅಂಗಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಹಾಗೇ ಇಡಲೂ ಆಗಲಿಲ್ಲ. ನೀರು ಕಾಯಿಸೋಣವೆಂದು ಪಾತ್ರೆ ಒಲೆಯ ಮೇಲಿಟ್ಟಿದ್ದೆ. ಅಷ್ಟರಲ್ಲಿ ಓನರ್ ಅಮ್ಮ ವಿಷಯ ಕೇಳಿ ಮೆಟ್ಟಿಲು ಹತ್ತಿಕೊಂಡು ಬಂದರು. ಅರವತ್ತು ದಾಟಿದ ಹೆಂಗಸು, ಆ ಕಟ್ಟಡ ನಿಂತ ಜಾಗದಲ್ಲೇ ಒಂದು ಕಾಲಕ್ಕೆ ಹುರುಳಿ ಕಿತ್ತವರು. ಬಾಡಿಗೆಯವರೊಂದಿಗೆ ಗದರಿಕೆಯ ದನಿಯಲ್ಲೇ ಅವರ ಮಾತು. ಆ ದಿನ ಸ್ಟವ್ ಆರಿಸಿ, ಮೆಲ್ಲಗೆ ಹೇಳಿದರು: "ಬಿಸಿನೀರು ಉಯ್ಬ್ಯಾಡ ಕಣಪ್ಪ, ಕಲೆ ಅಂಗೇ ಕಚ್ಕಂಬುಡ್ತದೆ. ತಣ್ಣೀರಿಗೆ ಉಪ್ಪಾಕಿ ನೆನೆಯಾಕು. ನೀರು ಕೆಂಪಾದಂಗೆಲ್ಲ ಚೆಲ್ಲು, ಬ್ಯಾರೆ ನೀರು ಬುಡು."

ಕೆಳಗಿಂದ ಕಲ್ಲುಪ್ಪನ್ನೂ ಅವರೇ ತಂದರು. ನಾನು ನೀರು ಬದಲಿಸುವಾಗ ಬಾಗಿಲ ಹತ್ತಿರ ಕೂತೇ ಇದ್ದರು. ನಾಲ್ಕನೇ ಸಲವೋ ಐದನೇ ಸಲವೋ ನೀರು ತಿಳಿಯಾಯಿತು. ಆಗ ನನಗೆ ಅಳು ಬಂತು. ಅವರು ಎದ್ದು ಹೋಗಿ ಮುದ್ದೆ, ಸಾರು ಕಳಿಸಿದರು.

ಅವನು ಊರಿಗೆ ಹೋಗಲು ಒಪ್ಪದೆ ರೂಮಿಗೇ ಬಂದ. ಕೈಗೆ ದಪ್ಪ ಬ್ಯಾಂಡೇಜು. ಊಟಕ್ಕೆ ಚಮಚ, ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ, ಹೇಗೋ ಹೊಂದಿಸಿಕೊಂಡ. ಬಟ್ಟೆಯ ವಿಷಯಕ್ಕೆ ಮಾತ್ರ ಬಾಯಿ ಬಿಡಲಿಲ್ಲ. ಒಂದೇ ಅಂಗಿಯಲ್ಲಿ ಐದು ದಿನ ಕಳೆದ. ಆರನೇ ದಿನ ನಾನು ಶಿಫ್ಟ್ ಮುಗಿಸಿ ಬಂದವನೇ ಮೂಲೆಯಲ್ಲಿದ್ದ ಅವನ ಬಟ್ಟೆಗಳನ್ನೆಲ್ಲ ಬಾಚಿ ಸಿಂಕಿಗೆ ಹಾಕಿದೆ.

"ಬಿಡೋ ಅದನ್ನ" ಅಂದ. "ನಿನ್ ಕೈಲಿ ನನ್ ಚಡ್ಡಿ ಒಗೆಸ್ಕೊಳೋ ಗತಿ ಬಂದಿಲ್ಲ ನಂಗೆ."

"ಬಂದಿದೆ ಗುರು. ನಾಚಿಕೆ ಆದ್ರೆ ಆ ಕಡೆ ತಿರುಗಿ ಕೂತ್ಕೋ."

ಅವನು ನಿಜವಾಗಿಯೂ ಗೋಡೆಯ ಕಡೆ ತಿರುಗಿ ಕೂತ. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ, "ಕಾಲರ್ ನೆನೆಸಿದ್ಯಾ?" ಎಂದು ಕೇಳಿದ.

ಹೀಗೆ ಕೆಲವು ವಾರಗಳು ಕಳೆದವು. ಬ್ಯಾಂಡೇಜು ಬಿಚ್ಚಿದಾಗ ತೋರುಬೆರಳೂ ನಡುಬೆರಳೂ ಅರ್ಧಕ್ಕೇ ನಿಂತಿದ್ದವು. ಅವನು ಆ ಕೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡ. ಮಾತು ಕಡಿಮೆಯಾಯಿತು, ನಗು ನಿಂತೇಹೋಯಿತು.

ಒಂದು ದಿನ ನಾನು ಕೆಲಸದಿಂದ ಬರುವಾಗ ಮೆಟ್ಟಿಲ ಮೇಲೆ ನೀರು ಹರಿಯುತ್ತಿತ್ತು. ಓಡಿ ಹತ್ತಿದೆ. ಸಿಂಕಿನ ನಲ್ಲಿ ಬುಡಸಮೇತ ಕಿತ್ತು ಬಂದು ನೆಲದ ಮೇಲೆ ಬಿದ್ದಿತ್ತು. ಅವನು ಪೈಪಿನ ಬಾಯಿಗೆ ಅಂಗೈ ಒತ್ತಿ ಹಿಡಿದು, ಅಡಿಯಿಂದ ಮುಡಿಯವರೆಗೆ ತೊಯ್ದು ನಿಂತಿದ್ದ. ಒಂದು ಕೈಯಲ್ಲಿ ಹಿಂಡಲಾಗದೆ, ಒದ್ದೆ ಅಂಗಿಯನ್ನು ನಲ್ಲಿಗೆ ಸುತ್ತಿ ಎಡಗೈಯಲ್ಲಿ ತಿರುಚಿದ್ದನಂತೆ. ನನ್ನ ಮುಖ ನೋಡಿ ಅವನಿಗೆ ನಗು ಬಂತು. ನನಗೂ ತಡೆಯಲಾಗಲಿಲ್ಲ.

ಓನರ್ ಅಮ್ಮ ಮೇನ್ ವಾಲ್ವ್ ಬಂದ್ ಮಾಡಿಸಿ, ಏದುಸಿರು ಬಿಡುತ್ತ ಮೇಲೆ ಬಂದರು. "ಯಾವನಯ್ಯಾ ನಲ್ಲಿ ಕಿತ್ತೋನು?"

"ನಾನೇ ಅಮ್ಮ. ಬಟ್ಟೆ ಹಿಂಡ್ತಿದ್ದೆ."

ಅವರು ಅವನ ಕೈ ನೋಡಿದರು. ಅವನು ಅದನ್ನು ಬಚ್ಚಿಡಲಿಲ್ಲ. "ಹಿಂಡೋದ್ಯಾಕೆ?" ಅಂದರು. "ನೀರು ಸೋರೋ ಅಂಗೇ ನೇತಾಕು. ಬಿಸ್ಲು ಐತಲ್ಲ, ಅದ್ಕಿನ್ನೇನು ಕೆಲ್ಸ?"

ಮಾರನೆಯ ದಿನ ಪ್ಲಂಬರ್ ಹೊಸ ನಲ್ಲಿ ಹಾಕಿಹೋದ. ಅಂದಿನಿಂದ ನನ್ನ ಜೊತೆಗಾರ ತನ್ನ ಬಟ್ಟೆ ತಾನೇ ಒಗೆದುಕೊಳ್ಳತೊಡಗಿದ. ನಾನು ಬರುವಷ್ಟರಲ್ಲಿ ನನ್ನ ಯೂನಿಫಾರಂ ಕೂಡ ತಾರಸಿಯ ಹಗ್ಗದ ಮೇಲೆ ನೀರು ತೊಟ್ಟಿಕ್ಕಿಸುತ್ತ ತೂಗುತ್ತಿತ್ತು. ಬೇಡವೆಂದರೆ ಕೇಳುತ್ತಿರಲಿಲ್ಲ. ಆ ವರ್ಷವೇ ಕಾರ್ಖಾನೆಯವರು ಅವನನ್ನು ಇನ್‌ಸ್ಪೆಕ್ಷನ್ ವಿಭಾಗಕ್ಕೆ ಹಾಕಿದರು. ಎಡಗೈಯಲ್ಲಿ ಗೇಜ್ ಹಿಡಿದು ಬಿಡಿಭಾಗ ಅಳೆಯುವುದನ್ನು ಕಲಿತ.

ಮದುವೆಯಾದ ಮೇಲೆ ಅವನು ದಾಸರಹಳ್ಳಿಗೆ ಮನೆ ಮಾಡಿದ. ನಾನೂ ಆ ರೂಮು ಬಿಟ್ಟು ಬಹಳ ಕಾಲವಾಯಿತು. ಕಳೆದ ತಿಂಗಳು ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ಹೆಂಡತಿ ಬಡಿಸುತ್ತ ದೂರು ಹೇಳಿದರು: "ನೀವಾದ್ರೂ ಹೇಳಿ ಅಣ್ಣ. ಮಷೀನ್ ಇದ್ರೂ ಇವ್ರ ಬಟ್ಟೆ ಇವ್ರೇ ಸಿಂಕಲ್ಲಿ ಒಗೀತಾರೆ. ನಾನು ಮುಟ್ಟೋ ಹಂಗಿಲ್ಲ."

ಅವನು ತಲೆ ತಗ್ಗಿಸಿ ಅನ್ನ ಕಲೆಸುತ್ತಿದ್ದ, ಅದೇ ಬಲಗೈಯಲ್ಲಿ, ಉಳಿದ ಬೆರಳುಗಳಲ್ಲಿ ನಾಜೂಕಾಗಿ. ನಾನು ಇನ್ನೊಂದು ಸೌಟು ಸಾರು ಕೇಳಿ ಹಾಕಿಸಿಕೊಂಡೆ.