ಸುಂದರೇಶನ ಕಳ್ಳಗಂಟೆ

ಕೊಪ್ಪದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಸುಂದರೇಶ ಮನೆಗಳಿಗೆ ಅಲಾರಂ ಕೂರಿಸುವ ಕೆಲಸಕ್ಕೆ ಇಳಿದು ಮೂವತ್ತು ವರ್ಷದ ಮೇಲಾಗಿತ್ತು. ಮೊದಲನೆಯದನ್ನು ನೋಡಿ ಪಕ್ಕದ ಮನೆಯ ಗೆಳೆಯ ನಾಗಪ್ಪ ನಕ್ಕಿದ್ದ. ಬಟ್ಟೆಗೆ ಹಾಕುವ ಕ್ಲಿಪ್ಪು, ಅದರ ಬಾಯಿಗೆ ಎರಡು ಡ್ರಾಯಿಂಗ್ ಪಿನ್ನು, ನಡುವೆ ರಟ್ಟಿನ ಚೂರು. ಬಾಗಿಲು ತೆರೆದರೆ ದಾರ ರಟ್ಟನ್ನು ಎಳೆಯುತ್ತದೆ, ಪಿನ್ನುಗಳು ಕೂಡುತ್ತವೆ, ಟಾರ್ಚಿನ ಸೆಲ್ಲಿಗೆ ಕಟ್ಟಿದ ಗಂಟೆ ಬಡಿದುಕೊಳ್ಳುತ್ತದೆ. ಜನ ಅದನ್ನು ಕಳ್ಳಗಂಟೆ ಎಂದರು.

"ಇದಕ್ಕೆ ಕಳ್ಳ ಹೆದರ್ತಾನಾ ಮಾರಾಯ?" ಎಂದಿದ್ದ ನಾಗಪ್ಪ.

"ಗಂಟೆಗೆ ಯಾರು ಹೆದರ್ತಾರೆ? ಕೇಳಿ ಓಡಿಬರೋ ನಿಂಗೆ ಹೆದರ್ಬೇಕು."

"ನನ್ನ ನೋಡಿದ್ರೆ ಕೋಳಿನೂ ಹೆದರಲ್ಲ."

ಅಲಾರಂ ಕೂರಿಸಿದಲ್ಲೆಲ್ಲ ಪಕ್ಕದ ಮನೆಯವರು ಬಂದು ಶಬ್ದ ಕೇಳಿ, "ಕೂಗಿದ್ರೆ ಬರ್ತೀವಿ" ಎನ್ನುವವರೆಗೆ ಸುಂದರೇಶ ಚೀಲ ಕಟ್ಟಿ ಹೊರಡುತ್ತಿರಲಿಲ್ಲ. ಮೇಗುಂದದಲ್ಲಿ ಅಕ್ಕಪಕ್ಕದಲ್ಲೇ ಇದ್ದೂ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ನಡುವೆ ಸಂಜೆಯವರೆಗೆ ಕೂತಿದ್ದ. ತಮ್ಮ ಬರೋದಿಲ್ಲ ಅಂದ್ರೆ ಗಂಟೆ ಎಂತಕ್ಕೆ ಎಂದು ಅಣ್ಣನನ್ನು ಕೇಳಿದ್ದ. ತಮ್ಮ ಕೊನೆಗೂ ಬೇಲಿ ದಾಟಿ ಬಂದ.

ಕ್ಲಿಪ್ಪು ಹೋಗಿ ಬಾಗಿಲಿಗೆ ಅಯಸ್ಕಾಂತ ಬಂತು. ಆಮೇಲೆ ಮೈಯ ಬಿಸಿಯನ್ನು ಗುರುತಿಸುವ ಸೆನ್ಸರ್. ಅದು ಬೆಕ್ಕಿಗೂ ಕೂಗುತ್ತಿತ್ತು. ಈಗ ಎಲ್ಲ ಮೊಬೈಲಿಗೇ ಬರುತ್ತದೆ, ನೆರೆಯವರು ಯಾಕೆ ಎಂದು ಜನ ಕೇಳಿದರು. ಅವನು ಮಾತ್ರ ಪಕ್ಕದ ಬಾಗಿಲು ಬಡಿಯುವುದನ್ನು ಬಿಡಲಿಲ್ಲ.

ಹೊಸದು ಯಾವುದು ಬಂದರೂ ಮೊದಲು ತನ್ನ ಮನೆಯಲ್ಲೇ ಕೂಗಿಸಿ ನೋಡುತ್ತಿದ್ದ. ಕೂಡಲೇ ಗೋಡೆಯಾಚೆಯ ನಾಗಪ್ಪನಿಗೆ ಕೇಳುವಂತೆ, "ನಾನೇ ಮಾರಾಯ, ಟೆಸ್ಟು" ಎನ್ನುತ್ತಿದ್ದ. ನಾಗಪ್ಪ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಕಳೆದ ಮಾಘದ ಒಂದು ಬೆಳಿಗ್ಗೆ ಗೋಡೆಯಾಚೆ ಸೈರನ್ ಕೂಗಿತು. ಸುಂದರೇಶನ ಹೆಂಡತಿ ಸುಮಲತಾ ಶೃಂಗೇರಿಗೆ ಹೋಗಿದ್ದಳು. ಟೆಸ್ಟ್ ಮಾಡುತ್ತಿದ್ದಾನೆ ಎಂದುಕೊಂಡು ನಾಗಪ್ಪ ಪುಟ ತಿರುವಿದ. ಆ ಪುಟವೂ ಮುಗಿಯಿತು. ಸೈರನ್ ನಿಲ್ಲಲಿಲ್ಲ, ಆಚೆಯಿಂದ ಮಾತೂ ಬರಲಿಲ್ಲ. ಆಗ ಎದ್ದು ಓಡಿದ.

ಸುಂದರೇಶ ಬೆಂಚಿಗೆ ಒರಗಿ ನೆಲದ ಮೇಲೆ ಕೂತಿದ್ದ. ಬೇಗಾರಿನ ಸೀತಕ್ಕನ ಮನೆಗೆಂದು ತಂದ ಅಲಾರಂ ಪೆಟ್ಟಿಗೆ ತೊಡೆಯ ಮೇಲಿತ್ತು. ಬೆರಳು ಅದರ ಕೆಂಪು ಗುಂಡಿಯ ಮೇಲೆಯೇ ಇತ್ತು. ಅಂಗಿಯೆಲ್ಲ ಬೆವರು.

"ಬಂದ್ಯಲ್ಲ ಮಾರಾಯ," ಎಂದ.

ಆಸ್ಪತ್ರೆಯಲ್ಲಿ ಡಾಕ್ಟರು, ಎದೆನೋವು ಶುರುವಾಗಿ ಎಷ್ಟು ಹೊತ್ತಾಗಿತ್ತು ಎಂದು ಕೇಳಿದರು. ಒಂದು ಪುಟ ಓದುವಷ್ಟು ಎಂಬ ಉತ್ತರ ನಾಗಪ್ಪನ ಬಾಯಿಗೆ ಬಂದು ಅಲ್ಲೇ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಸುಂದರೇಶ ಹೋಗಿಬಿಟ್ಟ.

ಕರ್ಮಾಂತರ ಕಳೆದ ಮೇಲೆ ಸುಮಲತಾ ಆ ಪೆಟ್ಟಿಗೆಯನ್ನು ನಾಗಪ್ಪನ ಕೈಗಿಟ್ಟಳು. "ಅವರು ಒಪ್ಪಿಕೊಂಡ ಕೆಲಸ," ಎಂದಳು. ನಾಗಪ್ಪ ಎಲೆಕ್ಟ್ರಿಷಿಯನ್ ಪರಮೇಶ್ವರನನ್ನು ಕರೆದುಕೊಂಡು ಬೇಗಾರಿಗೆ, ಸೀತಕ್ಕನ ಮನೆಗೆ ಹೋದ. ಪರಮೇಶ್ವರ ತಂತಿ ಎಳೆದು, ಪೆಟ್ಟಿಗೆ ಕೂರಿಸಿ, ಚೀಲ ಕಟ್ಟತೊಡಗಿದ.

"ತಡಿ," ಎಂದು ನಾಗಪ್ಪ ಪಕ್ಕದ ಮನೆಯ ಮಾರಪ್ಪನನ್ನು ಕರೆತಂದ. ಸೈರನ್ ಕೂಗಿಸಿದರು.

"ಕೇಳಿದ್ರೆ ಬರ್ತೀನಿ ಬಿಡಿ," ಎಂದ ಮಾರಪ್ಪ. "ಸುಮ್ನೆ ಟೆಸ್ಟ್ ಮಾಡ್ತಿದ್ರೆ?"

"ಆಗ್ಲೂ ಬನ್ನಿ," ಎಂದ ನಾಗಪ್ಪ.